ಹಾಡಿನ ತಟ್ಟೆಗೆ ಅಂಟಿದ ಧೂಳು

ಹಿರಿಯರು ಬಿಟ್ಟುಹೋಗುವ ವಸ್ತುಗಳಲ್ಲಿ ಎರಡು ಬಗೆ. ಹೊಲ, ಮನೆ, ಬಂಗಾರ, ಬೆಳ್ಳಿ ಇವುಗಳನ್ನು ಮಕ್ಕಳು ಕುಳಿತು ಹಂಚಿಕೊಳ್ಳುತ್ತಾರೆ. ಹಂಚಿಕೊಳ್ಳುವಾಗ ಒಮ್ಮೊಮ್ಮೆ ಜಗಳವನ್ನೂ ಆಡುತ್ತಾರೆ. ಆದರೆ ಯಾರೂ ತಮ್ಮ ಪಾಲಿಗೆ ಬೇಕೆಂದು ಕೇಳದ ವಸ್ತುಗಳೂ ಕೆಲವಿರುತ್ತವೆ. ಹಳೆಯ ಕನ್ನಡಕ, ಊರುಗೋಲು, ಗೆದ್ದಲು ಹಿಡಿದ ಲೆಕ್ಕದ ಪುಸ್ತಕ. ನಮ್ಮ ಮನೆಯಲ್ಲಿ ಅಂಥದೊಂದು ತಗಡಿನ ಟ್ರಂಕು ಇತ್ತು. ೧೯೮೮ರಲ್ಲಿ ತೀರ್ಥರೂಪರು ಲಿಂಗೈಕ್ಯರಾದ ಮೇಲೆ ಅದು ನನ್ನ ಪಾಲಿಗೆ ಬಂತು ಎನ್ನುವುದಕ್ಕಿಂತ ನನ್ನ ಬಳಿ ಉಳಿಯಿತು ಎನ್ನುವುದೇ ಸರಿ. ಅದರೊಳಗಿದ್ದುದು ಗ್ರಾಮೋಫೋನ್ ತಟ್ಟೆಗಳು. ನಮ್ಮ ಕಡೆಯ ಆಡುಮಾತಿನಲ್ಲಿ ‘ಪ್ಲೇಟು’ಗಳು.

ಮೂವತ್ತಾರು ವರುಷ ನಾನು ಆ ಟ್ರಂಕನ್ನು ತೆರೆಯಲಿಲ್ಲ. ಸಮಯವಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ತೆರೆಯುವ ಧೈರ್ಯವಿರಲಿಲ್ಲ.

೨೦೨೪ರ ಬಸವ ಜಯಂತಿಯ ಮರುದಿನ ಗದಗಿನಲ್ಲಿರುವ ಅಕ್ಕನನ್ನು ಕಾಣಲು ಹೋಗಿದ್ದೆ. ಅವಳಿಗೆ ಈಗ ಎಪ್ಪತ್ತೈದರ ಸಮೀಪ. ಕಣ್ಣು ಬಹುಮಟ್ಟಿಗೆ ಮಂಜಾಗಿವೆ. ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕುಳಿತಾಗ ಅವಳೇ ಮಾತು ತೆಗೆದಳು: “ತಮ್ಮಾ, ಅಪ್ಪನ ಪ್ಲೇಟು ನಿನ್ನ ಹತ್ರನ ಅದಾವಲ್ಲ? ಕಣ್ಣು ಹೋದ್ರೂ ಕಿವಿ ಇನ್ನೂ ಅದಾವ. ಒಮ್ಮೆ ತಂದು ಕೇಳಸಪಾ. ಅವ್ವನ ಪ್ಲೇಟೂ ತಗೊಂಡು ಬಾ.”

‘ಅವ್ವನ ಪ್ಲೇಟು’ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವನ್ನು ಓದುಗ ಬಂಧುಗಳ ಮುಂದೆ ಮೊದಲು ನಿವೇದಿಸಿಕೊಳ್ಳಬೇಕು.

ನಮ್ಮ ತಾಯಿ ನಾನು ಏಳು ವರುಷದವನಿದ್ದಾಗಲೇ ತೀರಿಕೊಂಡಳು. ಅವಳ ಮುಖ ನನಗೆ ಮಸುಕಾಗಿ ನೆನಪಿದೆ. ದನಿ ಅಷ್ಟೂ ನೆನಪಿಲ್ಲ. ನಾಟಕ ಕಂಪನಿಯ ಹಾಡೊಂದರ ತಟ್ಟೆ ಅವಳಿಗೆ ಬಹಳ ಪ್ರಿಯವಾಗಿತ್ತಂತೆ. ಸಂಜೆ ದೀಪ ಹಚ್ಚಿದ ಮೇಲೆ ಕೀಲಿ ಕೊಡುವ ಗ್ರಾಮೋಫೋನಿನಲ್ಲಿ ತೀರ್ಥರೂಪರು ಅದನ್ನು ಹಚ್ಚುವರು. ಅವಳು ರೊಟ್ಟಿ ಬಡಿಯುತ್ತ ಅದರ ಜೊತೆಗೆ ಗುನುಗುವಳು. ಇದು ನನಗೆ ಅಕ್ಕ ಹೇಳಿದ ಮಾತು. ತಾಯಿ ಹೋದ ಮೇಲೂ ತೀರ್ಥರೂಪರು ವಾರಕ್ಕೊಮ್ಮೆ ಆ ತಟ್ಟೆಯನ್ನು ತಪ್ಪದೆ ಹಚ್ಚುತ್ತಿದ್ದರು. ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರಿಗೆ ಬೇರೆ ವ್ಯಸನವೇನೂ ಇರಲಿಲ್ಲ.

ಹತ್ತನೆಯ ವಯಸ್ಸಿಗೆ ನನ್ನನ್ನು ಮಠದ ಪ್ರಸಾದ ನಿಲಯಕ್ಕೆ ಸೇರಿಸಿದರು. ಅಲ್ಲಿ ಸಂಸ್ಕೃತ, ಕನ್ನಡ, ಶಾಸ್ತ್ರಪಾಠಗಳ ಜೊತೆಗೆ ನಾವು ಕಲಿತದ್ದು ಸ್ವಚ್ಛತೆ. ನಸುಕಿನಲ್ಲಿ ಎದ್ದು ಅಂಗಳ ಗುಡಿಸುವುದು, ಹಿತ್ತಾಳೆಯ ಪಾತ್ರೆಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕುವುದು ನಮ್ಮ ಪಾಳಿಯ ಕೆಲಸ. ೧೯೭೪ರ ಬೇಸಿಗೆಯ ರಜೆಗೆ ಊರಿಗೆ ಬಂದಾಗ ನನಗೆ ಹದಿನೈದು ವರುಷ. ತೀರ್ಥರೂಪರನ್ನು ಸಂತೋಷಪಡಿಸಬೇಕೆಂಬ ಹುಮ್ಮಸ್ಸು. ಅವರು ಅಂಗಡಿಗೆ ಹೋದ ಹೊತ್ತಿನಲ್ಲಿ ಆ ತಟ್ಟೆಯನ್ನು ಹೊರತೆಗೆದೆ. ಗಾಯವನ್ನು ಡಾಕ್ಟರು ಸ್ಪಿರಿಟ್ಟಿನಿಂದ ಒರೆಸುವುದನ್ನು ಕಂಡಿದ್ದೆ. ಗ್ಯಾಸಬತ್ತಿ ಹೊತ್ತಿಸಲೆಂದು ಮನೆಯಲ್ಲಿ ಸ್ಪಿರಿಟ್ಟಿನ ಬಾಟಲಿ ಇತ್ತು. ಅರಳೆಯನ್ನು ಅದರಲ್ಲಿ ಅದ್ದಿ ತಟ್ಟೆಯ ಅಂಚಿನಿಂದ ಸುತ್ತಲೂ ಒರೆಸತೊಡಗಿದೆ. ಅರಳೆ ಕಪ್ಪಾಯಿತು. ಎಷ್ಟೊಂದು ಕೊಳೆ ಎಂದು ಹಿಗ್ಗಿದೆ. ಎರಡನೆಯ ಅರಳೆ ಇನ್ನೂ ಕಪ್ಪಾಯಿತು. ಮೂರನೆಯದು ಬೆರಳಿಗೆ ಅಂಟತೊಡಗಿದಾಗ ಏನೋ ಕೆಟ್ಟಿತೆಂದು ಭಯವಾಗಿ ನಡುವೆಯೇ ಕೈಬಿಟ್ಟು, ತಟ್ಟೆಯನ್ನು ಲಕೋಟೆಯೊಳಗೆ ಸೇರಿಸಿಬಿಟ್ಟೆ.

ಅಂದು ಸಂಜೆ ತೀರ್ಥರೂಪರು ತಟ್ಟೆ ಹಚ್ಚಿದರು. ಅಂಚಿನಲ್ಲಿ ಸೂಜಿ ಇಟ್ಟೊಡನೆ ಹಾಡು ಬರಲಿಲ್ಲ. ತಗಡಿನ ಮಾಡಿನ ಮೇಲೆ ಅಡ್ಡಮಳೆ ಹೊಡೆದಂಥ ಸದ್ದು ಬಂತು. ಕೂಡಲೇ ಸೂಜಿ ಎತ್ತಿದರು. ತಟ್ಟೆಯನ್ನು ಮೂಸಿ ನೋಡಿದರು. ನನ್ನ ಕಡೆಗೆ ತಿರುಗಿ ಒಂದೇ ಮಾತು ಆಡಿದರು: “ತೊಳಿಯೂ ಮುಂಚೆ ಏನು ತೊಳೀತೀನಿ ಅಂತ ತಿಳ್ಕೋಬೇಕು ತಮ್ಮಾ.” ಅಷ್ಟೇ. ತಟ್ಟೆಯನ್ನು ಲಕೋಟೆಗೆ ಹಾಕಿ ಟ್ರಂಕಿನ ತಳದಲ್ಲಿಟ್ಟರು. ಮುಂದೆ ಹದಿನಾಲ್ಕು ವರುಷ ಅವರು ಬದುಕಿದ್ದರು. ೧೯೭೮ರಲ್ಲಿ ವಿದ್ಯುತ್ತಿನ ರೆಕಾರ್ಡ್ ಪ್ಲೇಯರನ್ನೂ, ಲಾಂಗ್‌ಪ್ಲೇ ತಟ್ಟೆಗಳನ್ನೂ ಕೊಂಡು ತಂದರು. ಆದರೆ ಆ ತಟ್ಟೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತೇನೋ.

ಅಕ್ಕನ ಅಪೇಕ್ಷೆಯನ್ನು ಈಡೇರಿಸದೆ ಇರುವಂತಿರಲಿಲ್ಲ. ಊರಿಗೆ ಮರಳಿ ಟ್ರಂಕು ತೆರೆದೆ. ಹದಿನಾಲ್ಕು ಹಳೆಯ ತಟ್ಟೆಗಳು, ಒಂಬತ್ತು ಲಾಂಗ್‌ಪ್ಲೇಗಳು. ಲಾಂಗ್‌ಪ್ಲೇಗಳಲ್ಲಿ ಎರಡು ಮಲ್ಲಿಕಾರ್ಜುನ ಮನ್ಸೂರರವು. ೧೯೯೨ರಲ್ಲಿ ಅವರು ಅಗಲಿದಾಗಲಾದರೂ ಇವನ್ನು ತೆಗೆದು ಕೇಳಬಹುದಿತ್ತಲ್ಲ ಎಂದು ಮನಸ್ಸು ಚುಚ್ಚಿತು. ಎಲ್ಲದರ ಮೇಲೂ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ಕೆಲವದರ ಮೇಲೆ ಬಿಳಿಯ ಬೂಷ್ಟು. ಈ ಸಲ ನಾನು ತೊಳೆಯಲು ಆತುರಪಡಲಿಲ್ಲ. ಏನು ತೊಳೆಯುತ್ತೇನೆಂದು ತಿಳಿಯಲು ಹೊರಟೆ.

ಹುಬ್ಬಳ್ಳಿಯಲ್ಲಿ ರೇಡಿಯೊ ದುರಸ್ತಿ ಮಾಡಿಕೊಂಡು ಬಂದ ಹಿರಿಯರೊಬ್ಬರ ಪರಿಚಯವಾಯಿತು. ವಯಸ್ಸು ಎಂಬತ್ತರ ಹತ್ತಿರ. ಅವರು ನನ್ನನ್ನು ‘ಗುರುಗಳ’ ಎಂದು ಕರೆಯುತ್ತಿದ್ದರೂ ಈ ವಿದ್ಯೆಯಲ್ಲಿ ಗುರುಗಳು ಅವರೇ. ಮೊದಲ ದಿನವೇ ಹೇಳಿದರು: “ಕರಕರಾ ಅನ್ನೋದೆಲ್ಲ ಒಂದ ಅಲ್ರಿ ಗುರುಗಳ. ಮೊದಲು ಯಾವ ಸಪ್ಪಳ ಅಂತ ಕಿವಿಗೊಟ್ಟು ಕೇಳ್ರಿ. ಔಷಧ ಆಮ್ಯಾಲ.”

ಅವರಿಂದ ಕಲಿತದ್ದು ಇದು. ಲಾಂಗ್‌ಪ್ಲೇ ತಟ್ಟೆ ಮೂರು ನಿಮಿಷಕ್ಕೆ ಸರಿಯಾಗಿ ೧೦೦ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ೧.೮ ಸೆಕೆಂಡು. ‘ಟಿಕ್’ ಎಂಬ ಸದ್ದು ಇಷ್ಟೇ ಅಂತರದಲ್ಲಿ ತಾಳ ತಪ್ಪದೆ ಮರಳಿ ಮರಳಿ ಬಂದರೆ ಅದು ತಟ್ಟೆಯ ಮೇಲಿನ ಅಡ್ಡಗೀರು. ಅದು ಗಾಯ, ಎಷ್ಟು ತೊಳೆದರೂ ಹೋಗದು. ಸದ್ದು ತಾಳವಿಲ್ಲದೆ ಅಲ್ಲೊಂದು ಇಲ್ಲೊಂದು ಚಿಟಿಚಿಟಿ ಎಂದರೆ ಅದು ಧೂಳು; ತೊಳೆದರೆ ಹೋಗುತ್ತದೆ. ಒಣಹವೆಯ ದಿನಗಳಲ್ಲಿ, ತಟ್ಟೆಯನ್ನು ಲಕೋಟೆಯಿಂದ ಸೆಳೆದ ಕೂಡಲೇ ಕೈಯ ರೋಮ ನಿಮಿರಿ, ನುಡಿಸುವಾಗ ‘ಚಟ್’ ಎಂದು ಸಿಡಿದರೆ ಅದು ವಿದ್ಯುತ್ತಿನ ಆವೇಶ. ದನಿ ಮಂಕಾಗಿ, ಒರಟಾಗಿ, ಗಂಟಲು ಕಟ್ಟಿದಂತೆ ಕೇಳಿಸಿದರೆ ತಟ್ಟೆಯನ್ನು ದೂರುವ ಮೊದಲು ಸೂಜಿಯ ತುದಿಯನ್ನು ನೋಡಬೇಕು; ಅಲ್ಲಿ ಧೂಳಿನ ಉಂಡೆ ಕಟ್ಟಿರುತ್ತದೆ. ಹಿನ್ನೆಲೆಯಲ್ಲಿ ಎಡೆಬಿಡದೆ ‘ಗುಂಯ್’ ಎನ್ನುತ್ತಿದ್ದರೆ ತಟ್ಟೆಯೂ ನಿರಪರಾಧಿ, ಸೂಜಿಯೂ ನಿರಪರಾಧಿ. ಯಂತ್ರದ ಅರ್ಥ್ ತಂತಿ ಸಡಿಲವಾಗಿರುವ ಸಂಭವವೇ ಹೆಚ್ಚು. ಗಟ್ಟಿಯಾಗಿ ಹಾಡಿದ ಎಡೆಗಳಲ್ಲೆಲ್ಲ ದನಿ ಹರಿದಂತಾದರೆ, ಹಿಂದೆ ಸವೆದ ಸೂಜಿಯಿಂದ ನುಡಿಸಿ ಗೆರೆಯ ಗೋಡೆಗಳೇ ಸವೆದಿವೆ ಎಂದರ್ಥ.

ಆ ಗೆರೆಯ ಸೂಕ್ಷ್ಮತೆಯನ್ನು ಕೇಳಿ ನಾನು ಬೆರಗಾದೆ. ಲಾಂಗ್‌ಪ್ಲೇ ತಟ್ಟೆಯ ಒಂದು ಮಗ್ಗುಲಲ್ಲಿ ಇರುವುದು ಒಂದೇ ಗೆರೆ. ಅಂಚಿನಿಂದ ನಡುವಿನತ್ತ ಸುರುಳಿಯಾಗಿ ಸಾಗುವ ಅದನ್ನು ಬಿಚ್ಚಿ ಚಾಚಿದರೆ ಸುಮಾರು ಅರ್ಧ ಕಿಲೋಮೀಟರ್ ಉದ್ದವಾದೀತು. ಅಗಲ ಮಾತ್ರ ತಲೆಗೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲ. ಅದರ ಗೋಡೆಗಳ ಅಂಕುಡೊಂಕೇ ಹಾಡು. ಸೂಜಿಯ ಭಾರ ಎರಡು ಗ್ರಾಮಿನ ಆಸುಪಾಸಿನದಾದರೂ ಅದೆಲ್ಲ ಬೀಳುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ಎಡೆಯಲ್ಲಿ. ಆದುದರಿಂದ ಅಲ್ಲಿನ ಒತ್ತಡ ಬಹಳ. ಧೂಳಿನ ತಟ್ಟೆಯನ್ನು ಹಾಗೆಯೇ ನುಡಿಸಿದರೆ ಆ ಕಣಗಳನ್ನು ಸೂಜಿ ಗೋಡೆಗೆ ಒತ್ತಿ ಹೂಳುತ್ತದೆ. ತೊಳೆದರೆ ಹೋಗಬಹುದಾಗಿದ್ದ ಧೂಳು ಹೋಗದ ಗಾಯವಾಗುತ್ತದೆ. ಹಾಗೆಂದೇ ಹಳೆಯ ತಟ್ಟೆ ಕೈಗೆ ಬಂದಾಗ ‘ಒಮ್ಮೆ ಕೇಳಿ ನೋಡೋಣ, ಆಮೇಲೆ ತೊಳೆಯೋಣ’ ಎನ್ನಬಾರದು. ಮೊದಲು ತೊಳೆಯಬೇಕು, ಅನಂತರ ಕೇಳಬೇಕು.

ಆದರೆ ತೊಳೆಯುವ ಮುನ್ನ ತಟ್ಟೆಯ ಜಾತಿ ತಿಳಿಯಬೇಕು. ನಿಮಿಷಕ್ಕೆ ೭೮ ಸುತ್ತು ತಿರುಗುವ, ಮಗ್ಗುಲಿಗೆ ಮೂರೇ ನಿಮಿಷ ಹಾಡುವ, ಕೈಜಾರಿದರೆ ಹೆಂಚಿನಂತೆ ಒಡೆಯುವ ಹಳೆಯ ತಟ್ಟೆಗಳ ಜೀವಾಳ ಅರಗು. ಮರದ ಕೊಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅದೇ ಅರಗು. ಮಹಾಭಾರತದ ಅರಗಿನ ಮನೆಯ ಅರಗು, ಲಕೋಟೆಗೆ ಮುದ್ರೆಯೊತ್ತುವ ಅರಗು. ಅದಕ್ಕೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಕಾಡಿಗೆಯಂಥ ಮಸಿ ಬೆರೆಸಿ ಬಿಸಿಯಲ್ಲಿ ಒತ್ತುತ್ತಿದ್ದರು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡಾಗ ತಟ್ಟೆಗಳನ್ನು ಒತ್ತಿ ತರಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ೧೯೦೮ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ತೆರೆಯಿತು. ಲಾಂಗ್‌ಪ್ಲೇ ತಟ್ಟೆಯ ಜಾತಿ ಬೇರೆ. ಅದು ೧೯೪೮ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಬಾಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ.

ಅರಗು ನೀರಿಗೆ ಕರಗದು, ಸ್ಪಿರಿಟ್ಟಿಗೆ ಕರಗುತ್ತದೆ. ಬಡಗಿಗಳು ಪಾಲಿಶಿಗೆಂದು ಅರಗನ್ನು ಸ್ಪಿರಿಟ್ಟಿನಲ್ಲಿಯೇ ಕರಗಿಸುವುದು. ಈ ಮಾತನ್ನು ಆ ಹಿರಿಯರು ಸಹಜವಾಗಿ ಹೇಳಿದಾಗ ನಾನು ಮೌನವಾಗಿ ತಲೆತಗ್ಗಿಸಿದೆ. ಐವತ್ತು ವರುಷಗಳ ಹಿಂದೆ ನನ್ನ ಅರಳೆಗೆ ಅಂಟಿದ ಕಪ್ಪು ಕೊಳೆಯಾಗಿರಲಿಲ್ಲ. ಅದು ಹಾಡು. ಹಾಡನ್ನೇ ನಾನು ಒರೆಸಿ ತೆಗೆದಿದ್ದೆ.

ಇನ್ನು ತೊಳೆಯುವ ಕ್ರಮ. ಕೊಳವೆಬಾವಿಯ ನೀರು ಸರ್ವಥಾ ಬೇಡ. ನಮ್ಮ ಬಯಲುಸೀಮೆಯ ಗಡಸುನೀರು ಆರಿದ ಮೇಲೆ ಪಾತ್ರೆಯ ಮೇಲೆ ಸುಣ್ಣದ ಕಲೆ ಉಳಿಯುವುದಿಲ್ಲವೇ? ಅದೇ ಸುಣ್ಣ ಗೆರೆಯೊಳಗೆ ಕುಳಿತರೆ ಹೊಸ ಕರಕರೆ ಹುಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್, ಅದಕ್ಕೆ ಪಾತ್ರೆ ತೊಳೆಯುವ ಸೌಮ್ಯವಾದ ದ್ರವಸೋಪಿನ ಎರಡು ಮೂರು ಹನಿ. ಮೊದಲು ಒಣಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಇಲ್ಲವಾದರೆ ಅದು ಕೆಸರಾಗುತ್ತದೆ. ಅನಂತರ ನಾರುದುರದ ಮೈಕ್ರೋಫೈಬರ್ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ, ಗೆರೆ ಸಾಗುವ ದಿಕ್ಕಿನಲ್ಲಿಯೇ ದುಂಡಾಗಿ, ಒತ್ತದೆ ಒರೆಸಬೇಕು. ಗೆರೆಗೆ ಅಡ್ಡವಾಗಿ ಎಂದಿಗೂ ಒರೆಸಬಾರದು. ನಡುವಿನ ಕಾಗದದ ಚೀಟಿಗೆ ನೀರು ತಾಗಬಾರದು. ಸೋಪಿಲ್ಲದ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು, ಅಡುಗೆಮನೆಯ ತಟ್ಟೆ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಆರಿಸಬೇಕು. ಬಿಸಿಲಿಗಿಟ್ಟರೆ ವಿನೈಲ್ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅರಗಿನ ತಟ್ಟೆಗೂ ಇದೇ ಕ್ರಮ. ಆದರೆ ನೀರಿನಲ್ಲಿ ನೆನೆಯಿಡದೆ, ತೇವದ ಬಟ್ಟೆಯಿಂದ ಬೇಗನೆ ಒರೆಸಿ ಕೂಡಲೇ ಆರಿಸಬೇಕು. ಸ್ಪಿರಿಟ್ಟಾಗಲಿ, ಸ್ಪಿರಿಟ್ ಬೆರೆತ ಅಂಗಡಿಯ ದ್ರಾವಣವಾಗಲಿ ಹತ್ತಿರಕ್ಕೂ ಬರಕೂಡದು. ಬೂಷ್ಟು ಹಿಡಿದವನ್ನು ಬೇರೆಯಾಗಿಟ್ಟು, ಬೇರೆ ಬಟ್ಟೆಯಿಂದ ತೊಳೆಯಬೇಕು, ಅದು ಅಂಟುರೋಗವಿದ್ದಂತೆ.

ತೊಳೆದ ತಟ್ಟೆಯನ್ನು ಹಳೆಯ ಧೂಳಿನ ಲಕೋಟೆಗೇ ಮರಳಿ ಹಾಕಿದರೆ ಮಿಂದು ಬಂದವನು ಬಿಚ್ಚಿಟ್ಟ ಬಟ್ಟೆಯನ್ನೇ ಮತ್ತೆ ಉಟ್ಟಂತೆ. ಒಳಗಡೆ ನಯವಾದ ಪ್ಲಾಸ್ಟಿಕ್ ಪದರವಿರುವ ಹೊಸ ಒಳಲಕೋಟೆ ಹಾಕಬೇಕು. ಬರಿಯ ಒರಟು ಕಾಗದದ್ದಾದರೆ ತಟ್ಟೆಯನ್ನು ಹೊರಗೆಳೆದಾಗಲೆಲ್ಲ ತಿಕ್ಕಾಟವಾಗಿ ಕಾಗದದ ನಾರೂ ಅಂಟುತ್ತದೆ, ವಿದ್ಯುದಾವೇಶವೂ ಹುಟ್ಟುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಗ್ರಂಥಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು.

ವಿದ್ಯುದಾವೇಶದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತಿರುವುದೇ. ಒಣತಲೆ ಬಾಚಿದ ಹಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ತಿಕ್ಕಾಟಕ್ಕೊಳಗಾದ ವಿನೈಲ್ ಗಾಳಿಯಲ್ಲಿನ ಧೂಳನ್ನು ಕರೆದು ಕರೆದು ಮೈಗೆ ಅಂಟಿಸಿಕೊಳ್ಳುತ್ತದೆ. ವಿನೈಲಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವಾಗಿ, ಬಂದ ಆವೇಶ ಬಂದಲ್ಲಿಯೇ ನಿಲ್ಲುತ್ತದೆ. ಒಣಬಟ್ಟೆಯಿಂದ ಒರೆಸಿದಷ್ಟೂ ಅದು ಹೆಚ್ಚುತ್ತದೆ. ಮಳೆಗಾಲದಲ್ಲಿ ಈ ತೊಂದರೆ ತೀರ ಕಡಿಮೆ, ಏಕೆಂದರೆ ತೇವದ ಗಾಳಿ ಆವೇಶವನ್ನು ಮೆಲ್ಲನೆ ಇಳಿಸುತ್ತದೆ. ಫಾಲ್ಗುಣ ಚೈತ್ರಗಳ ಒಣಹವೆಯಲ್ಲಿ ತೀರ ಹೆಚ್ಚು. ಆ ದಿನಗಳಲ್ಲಿ ಕೋಣೆಯಲ್ಲಿ ಅಗಲಬಾಯಿಯ ಪಾತ್ರೆಯಲ್ಲಿ ನೀರಿಡುವುದು, ಕಿಟಕಿಗೆ ಒದ್ದೆಬಟ್ಟೆ ಕಟ್ಟುವುದು, ಟೆರಿಲಿನ್ ಅಂಗಿಯ ತೋಳು ತಟ್ಟೆಗೆ ಉಜ್ಜದಂತೆ ನೋಡಿಕೊಳ್ಳುವುದು, ಲಕೋಟೆಯಿಂದ ತಟ್ಟೆಯನ್ನು ಸರ್ರನೆ ಎಳೆಯದೆ ಮೆಲ್ಲನೆ ತೆಗೆಯುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ಖರ್ಚು ಮಾಡಬಲ್ಲವರಿಗೆ ಇಂಗಾಲದ ಎಳೆಗಳ ಕುಂಚ ಸಿಗುತ್ತದೆ. ಇಂಗಾಲದಲ್ಲಿ ವಿದ್ಯುತ್ತು ಹರಿಯುವುದರಿಂದ ಅದು ಧೂಳನ್ನೂ ಆವೇಶವನ್ನೂ ಒಟ್ಟಿಗೆ ತೆಗೆಯುತ್ತದೆ. ತಿರುಗುವ ತಟ್ಟೆಯ ಮೇಲೆ ಎರಡು ಮೂರು ಸುತ್ತು ಹಗುರವಾಗಿ ಹಿಡಿದು, ಅಂಚಿನತ್ತ ಸರಿಸಿ ಎತ್ತಿದರೆ ಸಾಕು. ಸೂಜಿಯ ತುದಿಯನ್ನು ಪುಟ್ಟ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರಬೇಕು; ಪಕ್ಕಕ್ಕೆ ಸವರಿದರೆ ಸೂಜಿಯನ್ನು ಹೊತ್ತ ಎಳೆಗಡ್ಡಿ ಮುರಿದೀತು. ಸೂಜಿಯ ಭಾರವನ್ನು ತೀರ ಇಳಿಸಿದರೆ ತಟ್ಟೆಗೆ ಒಳ್ಳೆಯದೆಂಬ ಭ್ರಮೆ ಹಲವರಿಗೆ ಉಂಟು. ಭಾರ ಕಡಿಮೆಯಾದ ಸೂಜಿ ಗೆರೆಯಲ್ಲಿ ನೆಲೆನಿಲ್ಲದೆ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಅದರಿಂದ ಆಗುವ ಹಾನಿಯೇ ಹೆಚ್ಚು. ತಯಾರಕರು ಹೇಳಿದಷ್ಟು ಭಾರ ಇರಲೇಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಮನ್ಸೂರರ ತಟ್ಟೆಯ ಮೇಲೆ ಮತ್ತೆ ಮತ್ತೆ ಬಿಳಿಯ ಪುಡಿ ಕಾಣಿಸುತ್ತಿತ್ತು. ಹಿರಿಯರು ಭೂತಗನ್ನಡಿಯಿಂದ ನೋಡಿ, ಆಮೇಲೆ ನನ್ನ ಮುಖ ನೋಡಿ ನಕ್ಕರು: “ಗುರುಗಳ, ಇದು ಧೂಳಲ್ರಿ. ನಿಮ್ಮ ಹಣೀ ಮ್ಯಾಲಿನ ವಿಭೂತಿ!” ಪೂಜೆ ಮುಗಿಸಿ ಬಂದು, ಕನ್ನಡಕ ಸರಿಪಡಿಸಿಕೊಂಡು, ತಟ್ಟೆಯ ಮೇಲೆ ಬಗ್ಗಿ ಬಗ್ಗಿ ನೋಡುತ್ತಿದ್ದವನು ನಾನೇ ತಾನೇ? ವಿಭೂತಿ ಪವಿತ್ರವಾದುದು, ಆದರೆ ಅದರ ಸ್ಥಾನ ಹಣೆ, ತಟ್ಟೆಯ ಗೆರೆಯಲ್ಲ. ಅಂದಿನಿಂದ ತಟ್ಟೆಯ ಕೆಲಸಕ್ಕೆ ಕೂರುವಾಗ ಹಣೆಗೆ ಒಂದು ಬಿಳಿಯ ವಸ್ತ್ರ ಕಟ್ಟಿಕೊಳ್ಳುವುದನ್ನು ರೂಢಿಮಾಡಿಕೊಂಡೆ. ಊದಿನಕಡ್ಡಿಯ ಹೊಗೆಯೂ ತಟ್ಟೆಯ ಮೇಲೆ ಜಿಗುಟಾದ ಪೊರೆ ಕಟ್ಟುತ್ತದೆಯಾದ್ದರಿಂದ ಯಂತ್ರವನ್ನು ದೇವರ ಕೋಣೆಯಿಂದ ದೂರವಿಟ್ಟೆ.

ಕಡೆಗೆ ಟ್ರಂಕಿನ ತಳದ ಆ ತಟ್ಟೆಯನ್ನು ಅವರ ಮುಂದಿಟ್ಟೆ. ಮಾಡಿದ ತಪ್ಪನ್ನೂ ಹೇಳಿದೆ. ಅವರು ಬೈಯಲಿಲ್ಲ, ದೀಪದ ಬೆಳಕಿಗೆ ತಟ್ಟೆಯನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. “ಹೊರಗಿನ ಎರಡು ಬಟ್ಟು ಬೂದಿ ಬಣ್ಣ ಆಗೇದ್ರಿ. ಅದು ಹೋತು. ಒಳಗಿನ ಅರ್ಧ ಮಿಂಚತೈತಿ ನೋಡ್ರಿ. ಅಲ್ಲಿ ನಿಮ್ಮ ಅರಳಿ ಮುಟ್ಟೇ ಇಲ್ಲ” ಎಂದರು. ಭಯಪಟ್ಟು ನಡುವೆಯೇ ಕೈಬಿಟ್ಟದ್ದು ಆಗ ನೆನಪಾಯಿತು. ತೀರ್ಥರೂಪರು ಅಂಚಿನಲ್ಲಿ ಸೂಜಿಯಿಟ್ಟು ಅಂಚಿನಲ್ಲಿಯೇ ಎತ್ತಿಬಿಟ್ಟಿದ್ದರು. ನಾನು ಅರ್ಧಕ್ಕೇ ನಿಲ್ಲಿಸಿದೆನೆಂದು ಬಾಯಿಬಿಟ್ಟು ಹೇಳಿದ್ದರೆ ಅವರು ಒಳಗಿನದನ್ನು ನುಡಿಸಿ ನೋಡುತ್ತಿದ್ದರು. ನಾಚಿಕೆಯಿಂದ ಹೇಳಲಿಲ್ಲ. ಹಾಡು ಹಾಳಾದದ್ದು ಸ್ಪಿರಿಟ್ಟಿನಿಂದ ಅರ್ಧ; ಉಳಿದರ್ಧ ಹದಿನಾಲ್ಕು ವರುಷ ಅವರ ಕಿವಿಗೆ ಬೀಳದೆ ಹೋದದ್ದು ನನ್ನ ಮೌನದಿಂದ.

ಅಲ್ಲಿಯೇ ನುಡಿಸಿ ನೋಡೋಣವೆಂದು ಅವರು ಹೇಳಿದರು. ನಾನು ಒಪ್ಪಲಿಲ್ಲ. ಮೊದಲು ಕೇಳುವ ಹಕ್ಕು ಅಕ್ಕನದು.

ಅವರು ಮೂರು ವೇಗದ ಹಳೆಯ ಯಂತ್ರವೊಂದನ್ನು ಸಿದ್ಧಪಡಿಸಿ, ಎರಡು ಸೂಜಿಗಳನ್ನು ಕೊಟ್ಟರು. ಹಳೆಯ ತಟ್ಟೆಯ ಗೆರೆ ಲಾಂಗ್‌ಪ್ಲೇಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಲಾಂಗ್‌ಪ್ಲೇಯ ಸಣ್ಣ ಸೂಜಿ ಅದರ ತಳಕ್ಕಿಳಿದು ಅಲ್ಲಿನ ಕಸವನ್ನೇ ನುಡಿಸುತ್ತದೆ. ದಪ್ಪ ಸೂಜಿ ಗೋಡೆಗಳ ಮೇಲೆ ನಿಂತು ಹಾಡನ್ನು ನುಡಿಸುತ್ತದೆ. ಇನ್ನೊಂದು ಉಪಾಯವನ್ನೂ ಹೇಳಿದರು. ಹಳೆಯ ತಟ್ಟೆಗಳಲ್ಲಿ ಹಾಡು ಇರುವುದು ಸೂಜಿಯ ಪಕ್ಕದ ಓಲಾಟದಲ್ಲಿ ಮಾತ್ರ. ಮೇಲೆ ಕೆಳಗೆ ಕುಣಿದರೆ ಅದು ಬರಿಯ ಸದ್ದು. ಯಂತ್ರದ ಎರಡು ದನಿತಂತಿಗಳನ್ನು ಒಂದುಗೂಡಿಸಿ ‘ಮೋನೊ’ ಮಾಡಿದರೆ ಆ ಮೇಲುಕೆಳಗಿನ ಸದ್ದು ತನ್ನಷ್ಟಕ್ಕೆ ಅಳಿದುಹೋಗುತ್ತದೆ. ಕೈ ಮುಟ್ಟದೆ, ನೀರು ಸೋಕದೆ ಅರ್ಧ ಕರಕರೆ ಇಳಿಸುವ ವಿದ್ಯೆ ಇದು.

೨೦೨೪ರ ಶ್ರಾವಣದಲ್ಲಿ ಯಂತ್ರವನ್ನೂ ತಟ್ಟೆಗಳನ್ನೂ ಗದಗಿಗೆ ಒಯ್ದೆ. ಮೊದಲು ಮನ್ಸೂರರನ್ನು ಹಚ್ಚಿದೆ. ತಾನಪೂರಿಯ ಝೇಂಕಾರ ತಿಳಿಯಾಗಿ ಕೇಳಿಬಂತು. ಒಂದೆಡೆ ಮಾತ್ರ ‘ಟಿಕ್, ಟಿಕ್’ ಎಂದು ಏಳೆಂಟು ಸಲ ತಾಳಬದ್ಧವಾಗಿ ಬಂದು ಹೋಯಿತು. ಅಕ್ಕ ನಕ್ಕಳು: “ಅದು ನನ್ನ ಬಳಿ ತಾಗಿದ್ದೋ ತಮ್ಮಾ. ಒರಸಾಕ ಹೋಗಿ ಗೀರಿದ್ದೆ. ಅಪ್ಪ ಏನೂ ಅನ್ನಲಿಲ್ಲ.”

ಅದನ್ನು ಕೇಳಿದ ಮೇಲೆ ನನಗೆ ಬಾಯಿ ಬಂತು. ಐವತ್ತು ವರುಷ ಹೇಳದೆ ಇಟ್ಟುಕೊಂಡುದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನನಗ ಅವತ್ತ ಗೊತ್ತಾಗಿತ್ತು. ನೀ ಮಲಗಿದ ಮ್ಯಾಲ ಅಪ್ಪ ಹೇಳಿದ್ದ. ಅವನ ಮುಂದ ಈ ಮಾತು ತಗೀಬ್ಯಾಡ, ಸ್ವಚ್ಛ ಮಾಡಬೇಕಂತನ ಮಾಡ್ಯಾನ, ಮಠದಾಗ ಕಲಿಯೋ ಹುಡುಗ, ಮನಸ್ಸಿಗೆ ಹಚ್ಚಿಕೊಂಡಾನು ಅಂದ.”

ಹಚ್ಚಿಕೊಳ್ಳಬಾರದೆಂದು ಅವರು ಮೌನವಾಗಿದ್ದರು. ಆ ಮೌನವನ್ನೇ ಸಿಟ್ಟೆಂದು ತಿಳಿದು ನಾನು ಹಚ್ಚಿಕೊಂಡೆ.

ಅವ್ವನ ತಟ್ಟೆಯನ್ನು ಯಂತ್ರದ ಮೇಲಿಟ್ಟು, ದಪ್ಪ ಸೂಜಿಯನ್ನು ಅಂಚಿನಲ್ಲಿಡದೆ ಬೂದಿ ಬಣ್ಣ ಮುಗಿದು ಹೊಳಪು ತೊಡಗುವ ಎಡೆಯಲ್ಲಿ ಇಳಿಸಿದೆ. ಕೈ ನಡುಗುತ್ತಿತ್ತು. ಅರಗಿನ ತಟ್ಟೆಗೆ ಸಹಜವಾದ ಸುಯ್ಯೆಂಬ ಸದ್ದು ಇತ್ತು. ಅದು ಕಲ್ಲುಪುಡಿಯ ಸದ್ದು, ಹೋಗುವಂಥದಲ್ಲ. ಅದರ ನಡುವಿನಿಂದ ಹಾರ್ಮೋನಿಯಂ, ಅದರ ಬೆನ್ನಿಗೆ ಹಾಡು ಕೇಳಿಬಂತು. ಒಂದು ನಿಮಿಷಕ್ಕೆ ತುಸು ಮಿಗಿಲಾಗಿ ಇದ್ದೀತು. ಅಕ್ಕ ಕಣ್ಣುಮುಚ್ಚಿ, ಕಡೆಯ ಸಾಲಿಗೆ ಮುನ್ನವೇ ತಾನೇ ಎತ್ತಿಕೊಂಡು, ತೊಡೆಯ ಮೇಲೆ ಅಂಗೈ ಬಡಿಯುತ್ತ ಕೊನೆಯವರೆಗೆ ಹಾಡಿದಳು. ಅಂಗೈ ಬಡಿದ ಆ ಲಯ ರೊಟ್ಟಿ ಬಡಿಯುವ ಲಯವೆಂದು ನನಗೆ ಹೊಳೆದದ್ದು ಆಮೇಲೆ.

ಅಕ್ಕನ ಮೊಮ್ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು ಸದ್ದು ತೆಗೆಯುವ ತಂತ್ರಾಂಶ ಹಾಕಿದ. ಮೊದಲ ಸಲ ಅತಿಯಾಗಿ ಹಾಕಿದ್ದರಿಂದ ಕರಕರೆಯ ಜೊತೆಗೆ ತಾನಪೂರಿಯ ಹೊಳಪೂ ಹೋಗಿ, ಮನ್ಸೂರರ ದನಿ ಗೋಡೆಯಾಚೆಗಿಂದ ಬಂದಂತೆ ಮಂಕಾಯಿತು. ನಾನು ಅವನಿಗೆ ಹೇಳಿದೆ: “ಮೊದಲು ಏನೂ ತೆಗೆಯದೆ ಇದ್ದದ್ದನ್ನು ಇದ್ದಂತೆ ಒಂದು ಪ್ರತಿ ತೆಗೆದಿಡಪ್ಪ. ತೊಳೆಯುವುದೆಲ್ಲ ಎರಡನೆಯ ಪ್ರತಿಯ ಮೇಲೆ ಇರಲಿ.” ಅವನು ಹಾಗೆಯೇ ಮಾಡಿದ. ಈಗ ಅಕ್ಕ ಮನಸ್ಸಾದಾಗಲೆಲ್ಲ ಮೊಬೈಲಿನಲ್ಲಿ ಕೇಳುತ್ತಾಳೆ. ಅವಳು ಕೇಳುವುದು ತೊಳೆದ ಪ್ರತಿಯನ್ನಲ್ಲ, ಟಿಕ್ ಟಿಕ್ ಇರುವ ಪ್ರತಿಯನ್ನು.

ಮನೆಯಲ್ಲಿ ಇಂಥ ಟ್ರಂಕು ಇರುವ ಬಂಧುಗಳು ಅನೇಕರಿರಬಹುದು. ಅವರಲ್ಲಿ ನನ್ನ ವಿನಂತಿ ಇಷ್ಟೇ: ತಟ್ಟೆ ಅರಗಿನದೋ ವಿನೈಲಿನದೋ ಎಂದು ನೋಡಿ, ಅನಂತರ ನೀರು ಮುಟ್ಟಿಸಿರಿ. ಹೋಗುವ ಧೂಳನ್ನು ತಾಳ್ಮೆಯಿಂದ ತೆಗೆಯಿರಿ. ಹೋಗದ ಗೀರಿನ ಮೇಲೆ ಬಲ ತೋರಿಸಬೇಡಿರಿ. ಹಾಳಾಯಿತೆಂದು ಮೂಲೆಗಿಟ್ಟದ್ದನ್ನು ಒಮ್ಮೆ ಕೊನೆಯವರೆಗೆ ನುಡಿಸಿ ನೋಡಿರಿ. ಜೊತೆಗೆ ಕೇಳಬೇಕಾದ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸವನ್ನು ಮುಂದಿನ ಬೇಸಿಗೆಗೆ ದೂಡಬೇಡಿರಿ. ನಾನು ದೂಡಿದೆ, ತೀರ್ಥರೂಪರ ಮಟ್ಟಿಗೆ ಅದು ತಡವಾಯಿತು.